ಪೊಲೀಸರ ಮೇಲೆ ದೂರು ಕೊಡುವುದು ಹೇಗೆ: ಉತ್ತರ ಕನ್ನಡದವರಿಗೆ ಹಂತ ಹಂತದ ಮಾರ್ಗದರ್ಶಿ

ಕಾರವಾರ, ಕುಮಟಾ, ಶಿರಸಿ ಕಡೆಯಿಂದ ಅರ್ಜಿ ಹಿಡಿದು ಬರುವವರ ಕತೆ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ಠಾಣೆಯಲ್ಲಿ ಯಾರೋ ಹೊಡೆದಿರುತ್ತಾರೆ, ಇಲ್ಲವೇ ದೂರನ್ನೇ ತೆಗೆದುಕೊಂಡಿರುವುದಿಲ್ಲ, ಇಲ್ಲವೇ ಮುಚ್ಚಳಿಕೆ ಬರೆಸಿಕೊಂಡು ಮನೆಗೆ ಕಳಿಸಿರುತ್ತಾರೆ. ಇವರು ಸಿಟ್ಟಿನಲ್ಲಿ ಸೀದಾ ಗೃಹ ಸಚಿವರಿಗೆ ಪತ್ರ ಬರೆಯುತ್ತಾರೆ. ಆ ಪತ್ರ ಬೆಂಗಳೂರಿನಿಂದ ಕಾರವಾರದ ಎಸ್‌ಪಿ ಕಚೇರಿಗೆ ಬರುತ್ತದೆ, ಅಲ್ಲಿಂದ ಡಿವೈಎಸ್‌ಪಿ ಕಚೇರಿಗೆ, ಕೊನೆಗೆ 'ವಿಚಾರಿಸಿ ವರದಿ ಕೊಡಿ' ಎಂಬ ಟಿಪ್ಪಣಿ ಹೊತ್ತು ಅದೇ ಠಾಣೆಗೆ. ಯಾರ ಮೇಲೆ ದೂರಿತ್ತೋ ಅವರ ಪಕ್ಕದ ಮೇಜಿನಿಂದಲೇ ಫೋನ್ ಬರುತ್ತದೆ: 'ಬಂದು ಹೇಳಿಕೆ ಕೊಟ್ಟು ಹೋಗಿ.'

ಕಾನೂನು ಇಲ್ಲ ಅಂತಲ್ಲ. ಪೊಲೀಸರನ್ನು ಪ್ರಶ್ನಿಸಲು ಹೊರಗಿನ ಬಾಗಿಲುಗಳು ಸಾಕಷ್ಟಿವೆ. ಆದರೆ ಹೆಚ್ಚಿನ ಬಾಗಿಲುಗಳು ಹಿಂದಿನ ಬಾಗಿಲಿನ ರಸೀದಿ ಕೇಳುತ್ತವೆ. ಆ ರಸೀದಿ ಇಲ್ಲದೆ ಹೋದವರ ಅರ್ಜಿ ಒಂದು ಸಾಲಿನ ಹಿಂಬರಹದಲ್ಲಿ ಮುಗಿದುಹೋಗುತ್ತದೆ. ಹಾಗಾಗಿ ಈ ಬರಹದಲ್ಲಿ ಯಾವುದು ಮೊದಲು, ಯಾವುದು ನಂತರ ಎಂಬುದರ ಮೇಲೇ ಜಾಸ್ತಿ ಗಮನ.

## ಮನೆಯವರು ಈಗಲೇ ಠಾಣೆಯಲ್ಲಿದ್ದರೆ

ಕೆಳಗಿನ ಹಂತಗಳನ್ನೆಲ್ಲ ಆಮೇಲೆ ಓದಿ. ಮೊದಲು 112ಕ್ಕೆ ಕರೆ ಮಾಡಿ. ಯಾರನ್ನು, ಎಷ್ಟು ಹೊತ್ತಿಗೆ, ಯಾವ ಠಾಣೆಯವರು ಕರೆದುಕೊಂಡು ಹೋದರು ಎಂದು ಹೇಳಿ. ಸಹಾಯ ಸಿಗಲಿ ಬಿಡಲಿ, ಕರೆಯ ಸಮಯವಂತೂ ದಾಖಲಾಗುತ್ತದೆ. ಎರಡನೆಯದು, 15100ಕ್ಕೆ ಕರೆ ಮಾಡಿ. ಅದು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. ಬಂಧನದಲ್ಲಿರುವವರಿಗೆ, ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಮೂರನೆಯದು, ಎಸ್‌ಪಿ ಕಚೇರಿಗೆ ನಾಲ್ಕು ಸಾಲಿನ ಇಮೇಲ್ ಕಳಿಸಿ.

ಬಂಧಿಸಿದ್ದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲೇಬೇಕು. ದಾರಿಯ ಪ್ರಯಾಣದ ಸಮಯ ಮಾತ್ರ ಇದರಲ್ಲಿ ಸೇರುವುದಿಲ್ಲ. ಬಂಧನದ ಮೆಮೊ ಇರಬೇಕು, ಅದಕ್ಕೆ ಮನೆಯವರದೋ ಊರಿನ ಗಣ್ಯರದೋ ಸಾಕ್ಷಿ ಸಹಿ ಇರಬೇಕು. 'ಸುಮ್ನೆ ವಿಚಾರಣೆಗೆ ಕರೆದಿದ್ದೇವೆ' ಅಂದರೆ ನೋಟಿಸ್ ಕೇಳಿ. ಸಾಕ್ಷಿ ಹೇಳಲು ಕರೆಯುತ್ತಿದ್ದರೆ ಮಹಿಳೆಯರು, 15 ವರ್ಷದೊಳಗಿನ ಹುಡುಗರು, 60 ದಾಟಿದ ಗಂಡಸರು, ಅಂಗವಿಕಲರು, ತೀವ್ರ ಕಾಯಿಲೆಯವರು ಠಾಣೆಗೆ ಹೋಗಬೇಕಿಲ್ಲ. ಪೊಲೀಸರೇ ಅವರ ಮನೆಗೆ ಬರಬೇಕು.

ಮ್ಯಾಜಿಸ್ಟ್ರೇಟರ ಮುಂದೆ ನಿಂತಾಗ ಹೊಡೆದದ್ದನ್ನು ಬಾಯಿಬಿಟ್ಟು ಹೇಳಬೇಕು. ದಾರಿಯುದ್ದಕ್ಕೂ 'ಅಲ್ಲಿ ಏನೂ ಹೇಳಬೇಡ, ಬೇಗ ಜಾಮೀನು ಆಗುತ್ತದೆ' ಎಂದು ಹೇಳಿಕೊಟ್ಟಿರುತ್ತಾರೆ. ಅದನ್ನು ನಂಬಬೇಡಿ. ಆ ದಿನ ಹೇಳದೆ ಆರು ತಿಂಗಳ ನಂತರ ಹೇಳಿದರೆ 'ಆಗ ಯಾಕೆ ಸುಮ್ಮನಿದ್ದಿರಿ?' ಎಂಬ ಪ್ರಶ್ನೆಗೆ ಉತ್ತರಿಸುವುದು ಬಹಳ ಕಷ್ಟ.

## ಮೊದಲೇ ಜೋಡಿಸಿಕೊಳ್ಳಬೇಕಾದದ್ದು

ಒಂದು ಸಾದಾ ನೋಟ್‌ಬುಕ್ ಬೇಕು. ಯಾವ ದಿನ, ಎಷ್ಟು ಹೊತ್ತಿಗೆ, ಯಾರ ಹತ್ತಿರ ಮಾತಾಡಿದಿರಿ, ಏನು ಹೇಳಿದರು ಎಂದು ಅಂದಂದೇ ಬರೆದಿಡಿ. ಒಂದು ಫೈಲ್, ಎಲ್ಲ ಕಾಗದದ ಎರಡೆರಡು ಜೆರಾಕ್ಸ್, ಮಾಹಿತಿ ಹಕ್ಕಿನ ಅರ್ಜಿಗೆಂದು ಹತ್ತು ರೂಪಾಯಿಯ ಕೆಲವು ಪೋಸ್ಟಲ್ ಆರ್ಡರ್, ನಿಮ್ಮ ಹೆಸರಿನ ಒಂದು ಇಮೇಲ್ ಖಾತೆ. ಸೈಬರ್ ಸೆಂಟರಿನವರ ಇಮೇಲ್‌ನಿಂದ ದೂರು ಕಳಿಸಬೇಡಿ, ಉತ್ತರ ಬಂದದ್ದೇ ನಿಮಗೆ ಗೊತ್ತಾಗುವುದಿಲ್ಲ.

ಇನ್ನೊಂದು ವಿಷಯ. 2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಬಿಎನ್‌ಎಸ್‌ಎಸ್) ಬಂದಿದೆ. ಟೈಪಿಂಗ್ ಅಂಗಡಿಗಳಲ್ಲಿ ಇನ್ನೂ ಹಳೆಯ ನಮೂನೆಯನ್ನೇ ತಿದ್ದಿ ಕೊಡುವವರಿದ್ದಾರೆ. ಎಸ್‌ಪಿಗೆ ದೂರು ಕಳಿಸುವ ಹಳೆಯ ಕಲಂ 154(3) ಈಗ 173(4), ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕುವ ಹಳೆಯ 156(3) ಈಗ 175(3), ಹಳೆಯ 41ಎ ನೋಟಿಸ್ ಈಗ 35(3). ಪ್ರಿಂಟ್ ತೆಗೆಯುವ ಮೊದಲು ಇಷ್ಟನ್ನು ನೋಡಿಕೊಳ್ಳಿ.

## ಹಂತ 1: ಮಾಡಿದವರು ಯಾರು ಎಂದು ಖಚಿತ ಮಾಡಿಕೊಳ್ಳಿ

ನಮ್ಮ ಜಿಲ್ಲೆಯಲ್ಲಿ ಖಾಕಿ ಹಾಕಿದವರೆಲ್ಲ ಠಾಣೆಯವರಲ್ಲ. ಒತ್ತುವರಿ ಗಲಾಟೆಯಲ್ಲಿ ಬೇಲಿ ಕಿತ್ತವರು ಅರಣ್ಯ ಇಲಾಖೆಯವರಿರಬಹುದು. ಮಾಜಾಳಿ ಗಡಿಯಲ್ಲಿ ಗೋವಾದಿಂದ ಬರುವವರ ಚೀಲ ತೆಗೆಸಿ ನೋಡುವವರು ಅಬಕಾರಿಯವರಿರಬಹುದು. ಸಮುದ್ರದಲ್ಲಿ ದೋಣಿ ತಡೆದವರು ಕರಾವಳಿ ಕಾವಲು ಪೊಲೀಸರಾದರೆ ಅವರದು ಪ್ರತ್ಯೇಕ ವಿಭಾಗ, ಕಾರವಾರದ ಎಸ್‌ಪಿ ಕೈಕೆಳಗೆ ಬರುವುದಿಲ್ಲ. ಕೊಂಕಣ ರೈಲ್ವೆ ನಿಲ್ದಾಣದ ರಕ್ಷಣಾ ಪಡೆ ಕೇಂದ್ರದ್ದು. ಜಾತ್ರೆಯಲ್ಲಿ ಲಾಠಿ ಬೀಸಿದವರು ಗೃಹರಕ್ಷಕ ದಳದವರೂ ಆಗಿರಬಹುದು.

ತಪ್ಪು ಇಲಾಖೆಗೆ ದೂರು ಹೋದರೆ 'ನಮಗೆ ಸಂಬಂಧಿಸಿಲ್ಲ' ಎಂಬ ಉತ್ತರ ಬರಲು ಒಂದು ತಿಂಗಳು. ಅಷ್ಟರಲ್ಲಿ ಗಾಯ ಮಾಸಿರುತ್ತದೆ. ಹೆಸರು ಗೊತ್ತಿಲ್ಲದಿದ್ದರೆ ತೊಂದರೆ ಇಲ್ಲ. ಜೀಪಿನ ನಂಬರು, ತೋಳಿನ ಪಟ್ಟಿ, ಭುಜದ ನಕ್ಷತ್ರ, ವಯಸ್ಸು, ಗಡ್ಡ, ಕನ್ನಡಕ, ಯಾವ ಭಾಷೆ ಮಾತಾಡಿದರು ಇಷ್ಟು ಬರೆದಿಡಿ. ಆ ಹೊತ್ತಿಗೆ ಯಾರು ಡ್ಯೂಟಿಯಲ್ಲಿದ್ದರು ಎಂಬುದು ಠಾಣೆಯ ದಿನಚರಿಯಲ್ಲಿ ಇದ್ದೇ ಇರುತ್ತದೆ. ಅದನ್ನು ತರಿಸಿಕೊಳ್ಳುವುದು ವಿಚಾರಣಾಧಿಕಾರಿಯ ಕೆಲಸ.

## ಹಂತ 2: ನಿಮಗೆ ಬೇಕಾದದ್ದು ಏನು?

'ನ್ಯಾಯ ಬೇಕು' ಅಂತ ಬರೆದರೆ ಯಾವ ಅಧಿಕಾರಿಗೂ ಏನು ಮಾಡಬೇಕೆಂದು ತಿಳಿಯುವುದಿಲ್ಲ. ನಿಮ್ಮ ಕಳವಿನ ದೂರಿಗೆ ಎಫ್‌ಐಆರ್ ಆಗಬೇಕೇ? ಹೊಡೆದವರ ಮೇಲೆ ಇಲಾಖಾ ವಿಚಾರಣೆಯೇ? ಅವರ ಮೇಲೇ ಕ್ರಿಮಿನಲ್ ಕೇಸೇ? ಪರಿಹಾರವೇ? ಕೊಟ್ಟ ಲಂಚದ ವಿಷಯವೇ? ಒಂದೊಂದಕ್ಕೂ ದಾರಿ ಬೇರೆ. ಒಂದೇ ಘಟನೆಯಲ್ಲಿ ಎರಡು ಮೂರು ಬೇಕೆನಿಸಿದರೆ ಎರಡು ಮೂರು ಅರ್ಜಿ ಮಾಡಿ. ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ತುರುಕಿ 'ಪ್ರತಿಗಳು' ಅಂತ ಕೆಳಗೆ ಹದಿನೈದು ಕಚೇರಿಗಳ ಪಟ್ಟಿ ಹಾಕುವುದು ನಾನು ಅತಿ ಹೆಚ್ಚು ನೋಡುವ ತಪ್ಪು. ಹದಿನೈದೂ ಕಚೇರಿಯವರು ಬೇರೆಯವರು ನೋಡಿಕೊಳ್ಳುತ್ತಾರೆ ಅಂದುಕೊಳ್ಳುತ್ತಾರೆ.

## ಹಂತ 3: ಮೊದಲ ದಿನದ ಕೆಲಸ

ಪೆಟ್ಟು ಬಿದ್ದಿದ್ದರೆ ವಕೀಲರಿಗಿಂತ ಮೊದಲು ಡಾಕ್ಟರ್. ಕಾರವಾರದಲ್ಲಿ ಕ್ರಿಮ್ಸ್, ಶಿರಸಿಯಲ್ಲಿ ಪಂಡಿತ ಆಸ್ಪತ್ರೆ, ಬೇರೆ ಕಡೆ ತಾಲ್ಲೂಕು ಆಸ್ಪತ್ರೆ. ಸರ್ಕಾರಿ ಆಸ್ಪತ್ರೆಗೇ ಹೋಗಿ. 'ಬಿದ್ದು ಪೆಟ್ಟಾಯಿತು' ಎನ್ನಬೇಡಿ. 'ಇಂಥ ಠಾಣೆಯಲ್ಲಿ ಪೊಲೀಸರು ಹೊಡೆದರು' ಎಂದೇ ಹೇಳಿ, ಹಾಗೆಯೇ ಬರೆಯಲು ಕೇಳಿ. ಅದು ಎಂಎಲ್‌ಸಿ (ಕಾನೂನು ಕ್ರಮಕ್ಕೆ ಸಂಬಂಧಿಸಿದ ಗಾಯಗಳ) ರಿಜಿಸ್ಟರಿನಲ್ಲಿ ದಾಖಲಾಗಬೇಕು.

ಇಲ್ಲೊಂದು ತೊಡಕಿದೆ. ಎಂಎಲ್‌ಸಿ ಆದರೆ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುತ್ತಾರೆ, ಹಲವು ಸಲ ಅದೇ ಠಾಣೆಗೆ. ಗಾಯದ ಪ್ರಮಾಣಪತ್ರವೂ ತನಿಖಾಧಿಕಾರಿಯ ಕೈಗೆ ಹೋಗುತ್ತದೆ. ಆದ್ದರಿಂದ ಒಪಿಡಿ ಚೀಟಿ, ಎಂಎಲ್‌ಸಿ ನಂಬರು, ಡಾಕ್ಟರ ಹೆಸರು, ಎಕ್ಸ್‌ರೇ ನಿಮ್ಮ ಕೈಯಲ್ಲಿರಲಿ. ಬಂಧನದಲ್ಲಿದ್ದಾಗ ವೈದ್ಯಕೀಯ ತಪಾಸಣೆ ಆಗಿದ್ದರೆ ಆ ವರದಿಯ ಪ್ರತಿ ಬಂಧಿತರಿಗೋ ಅವರು ಸೂಚಿಸಿದವರಿಗೋ ಕೊಡಬೇಕೆಂದು ಕಾನೂನೇ ಹೇಳುತ್ತದೆ. ಕೇಳಿ ತೆಗೆದುಕೊಳ್ಳಿ.

ಗಾಯದ ಫೋಟೊ ತೆಗೆಯುವಾಗ ಒಂದರಲ್ಲಾದರೂ ಮುಖ ಮತ್ತು ಗಾಯ ಎರಡೂ ಕಾಣಬೇಕು. ಬಾಸುಂಡೆ ಮೊದಲ ದಿನಕ್ಕಿಂತ ಎರಡನೇ ದಿನ ಎದ್ದು ಕಾಣುತ್ತದೆ, ಆದ್ದರಿಂದ ಮತ್ತೆ ತೆಗೆಯಿರಿ. ಹಾಕಿದ್ದ ಬಟ್ಟೆ ಒಗೆಯಬೇಡಿ, ಕಾಗದದ ಚೀಲದಲ್ಲಿಡಿ. ವಿಡಿಯೊ ಇದ್ದರೆ ವಾಟ್ಸ್ಆ್ಯಪ್‌ನಲ್ಲಿ ಹಂಚಿ ಮೂಲವನ್ನು ಅಳಿಸಬೇಡಿ. ವಾಟ್ಸ್ಆ್ಯಪ್‌ನಲ್ಲಿ ಹೋದದ್ದು ಕುಗ್ಗಿರುತ್ತದೆ. ಕೋರ್ಟಿಗೆ ಬೇಕಾಗುವುದು ಮೂಲ ಫೈಲ್, ಜೊತೆಗೆ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ. ಆ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ.

## ಹಂತ 4: ದೂರು ಬರೆಯುವುದು

ಇಲ್ಲಿ ಸ್ವಲ್ಪ ನಿಧಾನ ಮಾಡಿ. ಹೆಚ್ಚಿನ ದೂರುಗಳು ಬಿದ್ದುಹೋಗುವುದು ಇದೇ ಹಂತದಲ್ಲಿ.

ಸಾಮಾನ್ಯವಾಗಿ ಬರುವ ದೂರು ಹೀಗಿರುತ್ತದೆ: 'ಸದರಿ ಪೊಲೀಸರು ನನ್ನನ್ನು ಅಮಾನುಷವಾಗಿ ಥಳಿಸಿ, ದರ್ಪ ಮೆರೆದು, ಮಾನವ ಹಕ್ಕುಗಳನ್ನು ಗಾಳಿಗೆ ತೂರಿರುತ್ತಾರೆ.' ಓದಿದವರಿಗೆ ಏನೂ ಕಾಣುವುದಿಲ್ಲ. ಎಲ್ಲಿ, ಯಾವಾಗ, ಯಾವುದರಿಂದ, ದೇಹದ ಯಾವ ಭಾಗಕ್ಕೆ?

ಇದನ್ನೇ ಹೀಗೆ ಬರೆಯಬಹುದು:

'ಮಂಗಳವಾರ ಸಂಜೆ ಸುಮಾರು 6:40ಕ್ಕೆ ಬೈಕಿನ ಕಾಗದ ತೋರಿಸಲು ಠಾಣೆಗೆ ಹೋದೆ. ರೈಟರ್ ಮೇಜಿನ ಎಡಗಡೆಯ ಕೋಣೆಯಲ್ಲಿ ಕೂರಿಸಿದರು. ಸಮವಸ್ತ್ರದಲ್ಲಿದ್ದ, ಎದೆಯ ಮೇಲೆ ಹೆಸರಿನ ಪಟ್ಟಿ ಇಲ್ಲದ, ಸುಮಾರು 35 ವರ್ಷದ ಒಬ್ಬರು ಲಾಠಿಯಿಂದ ನನ್ನ ಎಡ ಅಂಗಾಲಿಗೆ ಮೂರು ಏಟು ಹೊಡೆದರು. ಬಾಗಿಲ ಬಳಿ ಒಬ್ಬರು ಮಹಿಳಾ ಸಿಬ್ಬಂದಿ ನಿಂತಿದ್ದರು. 8:15ಕ್ಕೆ ನನ್ನ ಅಣ್ಣ ಬಂದ ಮೇಲೆ ಬರೆಯದ ಹಾಳೆಗೆ ಸಹಿ ಹಾಕಿಸಿಕೊಂಡು ಬಿಟ್ಟರು. 9:30ಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿದೆ. ಎಂಎಲ್‌ಸಿ ಆಗಿದೆ.'

ಎರಡನೆಯದರಲ್ಲಿ ಒಂದೂ ಬೈಗುಳವಿಲ್ಲ. ಆದರೆ ಪರಿಶೀಲಿಸಬಹುದಾದ ಅಂಶಗಳು ಎಷ್ಟಿವೆ ನೋಡಿ: ಕೋಣೆ, ಹೊತ್ತು, ಸಾಕ್ಷಿ, ಅಂಗಾಲು, ಖಾಲಿ ಹಾಳೆ, ಆಸ್ಪತ್ರೆ. ಹೆಸರಿನ ಪಟ್ಟಿ ಇಲ್ಲ ಎನ್ನುವುದು ಸಣ್ಣ ಮಾತು ಅನಿಸಬಹುದು. ಬಂಧಿಸುವ ಅಧಿಕಾರಿ ಹೆಸರು ಕಾಣುವಂತೆ ಧರಿಸಿರಬೇಕೆಂದು ಬಿಎನ್‌ಎಸ್‌ಎಸ್ ಕಲಂ 36 ಹೇಳುತ್ತದೆ. ಬಂಧನದ ವಿಷಯವಾದರೆ ಆ ಸಾಲು ಒಂದು ಪ್ರತ್ಯೇಕ ಉಲ್ಲಂಘನೆಯೇ ಆಗುತ್ತದೆ.

ದೂರು ಒಂದೂವರೆ ಪುಟ ಮೀರದಿರಲಿ. ಕಣ್ಣಾರೆ ನೋಡಿದ್ದನ್ನೂ ಕೇಳಿ ತಿಳಿದದ್ದನ್ನೂ ಬೇರೆ ಬೇರೆ ಬರೆಯಿರಿ. ನಿಮ್ಮ ಕಡೆಯಿಂದ ಮಾತು ಜೋರಾಗಿದ್ದರೆ ಅದನ್ನೂ ಒಂದು ಸಾಲಿನಲ್ಲಿ ಹೇಳಿಬಿಡಿ. ಮುಚ್ಚಿಟ್ಟದ್ದು ಅವರ ವರದಿಯಲ್ಲಿ ಬಂದರೆ ಉಳಿದ ಸತ್ಯವೂ ದುರ್ಬಲವಾಗುತ್ತದೆ. ಕೊನೆಯಲ್ಲಿ ಕೋರಿಕೆ: ವಿಚಾರಣೆಯನ್ನು ಆ ಠಾಣೆಗೆ ಒಪ್ಪಿಸಬಾರದು, ಬೇರೆ ಉಪವಿಭಾಗದ ಅಧಿಕಾರಿಗೆ ಕೊಡಬೇಕು. ಕಾರವಾರ, ಶಿರಸಿ, ಭಟ್ಕಳ, ದಾಂಡೇಲಿ ಎಂದು ಉಪವಿಭಾಗಗಳಿವೆ. ಶಿರಸಿಯ ವಿಷಯಕ್ಕೆ ದಾಂಡೇಲಿಯ ಅಧಿಕಾರಿಯನ್ನು ಕೇಳುವುದರಲ್ಲಿ ತಪ್ಪೇನಿಲ್ಲ. ಈ ಒಂದು ಸಾಲು ಬರೆಯದ ಕಾರಣಕ್ಕೇ ಎಷ್ಟೋ ಅರ್ಜಿಗಳು ತಿರುಗಿ ಅದೇ ಮೇಜಿಗೆ ಬರುತ್ತವೆ.

ಕರಾವಳಿಯಲ್ಲಿ ಇನ್ನೊಂದು ಸಮಸ್ಯೆ ಇದೆ. ಮೀನುಗಾರ ಮಹಿಳೆ ಕೊಂಕಣಿಯಲ್ಲಿ ಹೇಳುತ್ತಾರೆ, ರೈಟರ್ ಕನ್ನಡದಲ್ಲಿ ಬರೆಯುತ್ತಾರೆ, ಹೆಬ್ಬೆಟ್ಟು ಬೀಳುತ್ತದೆ. ಬಾಯಿಮಾತಿನ ದೂರನ್ನು ಬರೆದುಕೊಂಡ ಮೇಲೆ ಓದಿ ಹೇಳಲೇಬೇಕು, ಇದು ಕಲಂ 173ರಲ್ಲೇ ಇದೆ. ಎರಡೂ ಭಾಷೆ ಬಲ್ಲ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಓದಿ ಹೇಳುವ ತನಕ ಹೆಬ್ಬೆಟ್ಟು ಒತ್ತಬೇಡಿ.

## ಹಂತ 5: ಠಾಣೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯುವುದು

ಹೊಡೆದ ಠಾಣೆಗೇ ಮತ್ತೆ ಹೋಗಬೇಕಾ ಎಂದು ಎಲ್ಲರೂ ಕೇಳುತ್ತಾರೆ. ಹೋಗಲೇಬೇಕೆಂದಿಲ್ಲ. ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಅದಕ್ಕೆ ಝೀರೊ ಎಫ್‌ಐಆರ್ ಅನ್ನುತ್ತಾರೆ. ಇಮೇಲ್‌ನಲ್ಲೂ ಕಳಿಸಬಹುದು. ಹಾಗೆ ಕಳಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಈ ಮೂರು ದಿನ ತಪ್ಪಿಸಿಕೊಂಡವರು ಬಹಳ ಜನ.

ಗಂಭೀರ, ಅಂದರೆ ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ ಎಂದು ದೂರಿನಲ್ಲೇ ಕಂಡರೆ ಎಫ್‌ಐಆರ್ ಮಾಡಲೇಬೇಕು ಎಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಈಗಿನ ಕಾನೂನಿನಲ್ಲಿ 3ರಿಂದ 7 ವರ್ಷದೊಳಗಿನ ಶಿಕ್ಷೆಯ ಅಪರಾಧಗಳಿಗೆ ಡಿವೈಎಸ್‌ಪಿ ಅನುಮತಿ ಪಡೆದು 14 ದಿನ ಪ್ರಾಥಮಿಕ ವಿಚಾರಣೆ ಮಾಡಬಹುದು. ಹದಿನಾಲ್ಕು ದಿನ ದಾಟಿದರೆ ಮುಂದಿನ ಹಂತಕ್ಕೆ ಹೋಗಿ, ಕಾಯಬೇಡಿ. ಎಫ್‌ಐಆರ್ ಆದರೆ ಪ್ರತಿ ಉಚಿತ. ರಾಜ್ಯ ಪೊಲೀಸರ ವೆಬ್‌ಸೈಟಿನಲ್ಲೂ ಸಿಗುತ್ತದೆ, ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು.

ಸ್ವೀಕೃತಿ ಅಂದರೆ ಬರೀ ಸಹಿ ಅಲ್ಲ. ನಿಮ್ಮ ಪ್ರತಿಯ ಮೇಲೆ ಠಾಣೆಯ ಮೊಹರು, ದಿನಾಂಕ, ಆವಕ ಅಥವಾ ಅರ್ಜಿ ಸಂಖ್ಯೆ, ಪಡೆದವರ ಹೆಸರು ನಾಲ್ಕೂ ಇರಬೇಕು. ಸಂಖ್ಯೆ ಇಲ್ಲದ ಮೊಹರಿನಿಂದ ಏನೂ ಸಾಬೀತಾಗುವುದಿಲ್ಲ.

ಎಚ್ಚರಿಕೆಯ ಲಕ್ಷಣಗಳು ಇವು: 'ಸಾಹೇಬರು ಬಂದೋಬಸ್ತಿಗೆ ಹೋಗಿದ್ದಾರೆ, ನಾಳೆ ಬನ್ನಿ' ಎಂದು ಮೂರನೇ ಸಲ ಹೇಳುವುದು. ದಿನಾಂಕ ಹಾಕಬೇಡಿ ಎನ್ನುವುದು. ಮೂಲ ಕಾಗದ ಇಟ್ಟುಕೊಳ್ಳುವುದು. 'ಇದು ಸಿವಿಲ್ ಮ್ಯಾಟರ್' ಎಂದು ಬಾಯಲ್ಲಿ ಹೇಳಿ ಹಿಂಬರಹ ಕೊಡದಿರುವುದು. ಎದುರು ಪಾರ್ಟಿಯನ್ನು ಕರೆಸಿ ರಾಜಿ ಮಾಡಿಸಲು ಕೂರುವುದು. ಇದರಲ್ಲಿ ಒಂದು ಕಂಡರೂ ವಾದ ಮಾಡಬೇಡಿ, ನೋಟ್‌ಬುಕ್‌ನಲ್ಲಿ ಬರೆದುಕೊಂಡು ಎದ್ದು ಬನ್ನಿ.

ವಾದ ಬೇಡ ಎನ್ನುವುದಕ್ಕೆ ಕಾರಣವಿದೆ. ಮೇಜು ಬಡಿದರೆ, ಕಾಗದ ಎಳೆದರೆ, ಇಪ್ಪತ್ತು ಜನ ಒಟ್ಟಿಗೆ ಒಳಗೆ ನುಗ್ಗಿದರೆ 'ಕರ್ತವ್ಯಕ್ಕೆ ಅಡ್ಡಿ' ಎಂಬ ಕೇಸು ಬರುತ್ತದೆ. ಐಪಿಸಿಯ ಹಳೆಯ 353, ಈಗ ಭಾರತೀಯ ನ್ಯಾಯ ಸಂಹಿತೆ, ಅಂದರೆ ಬಿಎನ್‌ಎಸ್ ಕಲಂ 132. ಆಮೇಲೆ ನಿಮ್ಮ ದೂರು ಪಕ್ಕಕ್ಕೆ ಸರಿದು ನಿಮ್ಮ ಜಾಮೀನೇ ಮುಖ್ಯ ವಿಷಯವಾಗುತ್ತದೆ. ಇಬ್ಬರು ಹೋಗಿ, ಸಾಕು.

## ಹಂತ 6: ಎಸ್‌ಪಿಗೆ ಅಂಚೆಯಲ್ಲಿ

ಠಾಣೆ ದೂರು ದಾಖಲಿಸದಿದ್ದರೆ ಕಲಂ 173(4)ರಂತೆ ದೂರಿನ ಸಾರಾಂಶವನ್ನು ಬರಹದಲ್ಲಿ, ಅಂಚೆ ಮೂಲಕ ಎಸ್‌ಪಿಗೆ ಕಳಿಸಬೇಕು. ಅಂಚೆ ಎಂಬ ಪದ ಕಾನೂನಿನಲ್ಲೇ ಇದೆ. ಶಿರಸಿಯಿಂದ ಘಟ್ಟ ಇಳಿದು ಕಾರವಾರಕ್ಕೆ ಹೋಗಿಬರಲು ಒಂದು ಇಡೀ ದಿನ ಬೇಕು, ಮಳೆಗಾಲದಲ್ಲಿ ದೇವಿಮನೆ ಘಟ್ಟದ ಪಾಡು ಹೇಳುವುದೇ ಬೇಡ. ಅಷ್ಟು ಕಷ್ಟಪಟ್ಟು ಹೋಗಿ ಕೈಗೆ ಕೊಟ್ಟು ಸ್ವೀಕೃತಿ ಇಲ್ಲದೆ ಬರುವುದಕ್ಕಿಂತ ಸ್ಪೀಡ್ ಪೋಸ್ಟ್ ಒಳ್ಳೆಯದು. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನ ಜೊತೆ ಸೇರಿಹೋಗಿದೆ. ರಸೀದಿ ಕಾಪಾಡಿ, ತಲುಪಿದ ದಿನದ ವಿವರವನ್ನು ಪ್ರಿಂಟ್ ತೆಗೆದಿಡಿ. ಥರ್ಮಲ್ ಕಾಗದದ ರಸೀದಿ ಮಾಸುತ್ತದೆ, ಅದರ ಜೆರಾಕ್ಸ್ ಬೇಕೇ ಬೇಕು.

ಎಸ್‌ಪಿ ಕಚೇರಿಯಿಂದಲೂ ಉತ್ತರ ಬರದಿದ್ದರೆ ಇಲಾಖೆಯೊಳಗಿನ ಮುಂದಿನ ಮೆಟ್ಟಿಲು ಮಂಗಳೂರಿನ ಪಶ್ಚಿಮ ವಲಯದ ಐಜಿಪಿ. ಒಂದು ಪತ್ರ ಹಾಕಿ. ಆದರೆ ಅದರ ಉತ್ತರಕ್ಕೆ ಕಾಯುತ್ತ ಕೂರಬೇಡಿ.

## ಹಂತ 7: ಸಿಸಿಟಿವಿ ದೃಶ್ಯ ಉಳಿಸಿಕೊಳ್ಳುವುದು

ಇದನ್ನು ಆರನೇ ಹಂತದ ಜೊತೆಗೇ, ಸಾಧ್ಯವಾದರೆ ಅದೇ ದಿನ ಮಾಡಿ. ಪ್ರತಿ ಠಾಣೆಯಲ್ಲೂ ಧ್ವನಿ ಸಹಿತ ಸಿಸಿಟಿವಿ ಇರಬೇಕು ಎಂದು ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಡಿಸೆಂಬರ್ 2ರಂದು ಆದೇಶಿಸಿದೆ. ದೃಶ್ಯವನ್ನು 18 ತಿಂಗಳು ಇಡಬೇಕು, ಅಂಥ ಉಪಕರಣ ಸಿಗದಿದ್ದರೂ ಒಂದು ವರ್ಷಕ್ಕಂತೂ ಕಮ್ಮಿ ಇಲ್ಲ. ಲಾಕಪ್, ವರಾಂಡ, ಸಾಹೇಬರ ಕೋಣೆ, ಠಾಣೆಯ ಹಿಂಭಾಗ ಎಲ್ಲವೂ ಬರಬೇಕು.

ಎರಡು ಕಾಗದ ಕಳಿಸಿ. ಒಂದು ಎಸ್‌ಪಿಗೆ: ಇಂಥ ದಿನ, ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗಿನ ದೃಶ್ಯವನ್ನು ಅಳಿಸದೆ ಕಾಯ್ದಿಡಿ. ಇನ್ನೊಂದು ಮಾಹಿತಿ ಹಕ್ಕಿನ ಅರ್ಜಿ: ಅದೇ ದೃಶ್ಯದ ಪ್ರತಿ ಕೊಡಿ. ಪ್ರತಿ ನಿರಾಕರಿಸುವ ಸಾಧ್ಯತೆ ಇದೆ. ಆದರೂ ಅರ್ಜಿ ಹಾಕಿ, ಯಾಕೆಂದರೆ ಕೇಳಿದ ಮೇಲೆ ಆ ಮಾಹಿತಿಯನ್ನು ನಾಶ ಮಾಡಿದರೆ ಮಾಹಿತಿ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡವಿದೆ. ಇಡೀ ದಿನದ ದೃಶ್ಯ ಕೇಳಬೇಡಿ. ಹೊತ್ತು ಎಷ್ಟು ಖಚಿತವೋ ಅರ್ಜಿ ಅಷ್ಟು ಗಟ್ಟಿ.

ಕರ್ನಾಟಕದಲ್ಲಿ ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಶುಲ್ಕ. ವಿಷಯ ಒಂದೇ ಇರಬೇಕು, 150 ಪದ ಮೀರಬಾರದು. ಇದು ಗೊತ್ತಿಲ್ಲದೆ ಎರಡು ಪುಟ ಬರೆದ ಅರ್ಜಿಗಳು ಹಾಗೇ ವಾಪಸ್ ಬರುತ್ತವೆ.

## ಹಂತ 8: ಹೊರಗಿನ ಬಾಗಿಲು ಆರಿಸುವುದು

ಇಷ್ಟಾದ ಮೇಲೆ ನಿಮ್ಮ ಫೈಲಿನಲ್ಲಿ ಆಸ್ಪತ್ರೆ ಚೀಟಿ, ದೂರಿನ ಸ್ವೀಕೃತಿ, ಎಸ್‌ಪಿಗೆ ಕಳಿಸಿದ ರಸೀದಿ ಮೂರೂ ಇರುತ್ತವೆ. ಈಗ ಹೊರಗೆ ಹೋಗಬಹುದು.

ಪೊಲೀಸ್ ದೂರು ಪ್ರಾಧಿಕಾರ. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ 2006ರ ಸೆಪ್ಟೆಂಬರ್ 22ರಂದು ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನದಿಂದ ಹುಟ್ಟಿದ್ದು ಇದು. ಕರ್ನಾಟಕ 2012ರಲ್ಲಿ ತನ್ನ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ರಾಜ್ಯಕ್ಕೊಂದು, ಜಿಲ್ಲೆಗೊಂದು ಪ್ರಾಧಿಕಾರ ಎಂದು ಮಾಡಿತು. ಸುಪ್ರೀಂ ಕೋರ್ಟ್ ಹಾಕಿಕೊಟ್ಟ ಲೆಕ್ಕದಲ್ಲಿ ಎಸ್‌ಪಿ ಮತ್ತು ಮೇಲಿನವರ ಮೇಲಿನ ದೂರು ರಾಜ್ಯ ಪ್ರಾಧಿಕಾರಕ್ಕೆ, ಡಿವೈಎಸ್‌ಪಿವರೆಗಿನವರದು ಜಿಲ್ಲಾ ಪ್ರಾಧಿಕಾರಕ್ಕೆ. ಹೆಸರಲ್ಲಿ 'ದೂರು' ಇದೆ ಎಂದು ಎಲ್ಲ ದೂರನ್ನೂ ಇಲ್ಲಿಗೆ ತರಬೇಡಿ. ಇದು ಗಂಭೀರ ದುರ್ನಡತೆಗೆ ಇರುವ ಜಾಗ: ಕಸ್ಟಡಿಯಲ್ಲಿ ಸಾವು, ತೀವ್ರ ಗಾಯ, ಅತ್ಯಾಚಾರ, ಅಧಿಕಾರದ ದೊಡ್ಡ ದುರುಪಯೋಗ. 'ನನ್ನ ಕೇಸಿನ ತನಿಖೆ ನಿಧಾನ' ಎನ್ನುವುದಕ್ಕೆ ಇದಲ್ಲ. ಲಕೋಟೆಯ ಮೇಲೆ ಅಧ್ಯಕ್ಷರ ಹೆಸರು ಬೇಡ, ಹುದ್ದೆ ಬರೆಯಿರಿ. ಅಧಿಕಾರಿ ವರ್ಗಾವಣೆ ಆದರೂ ಲಕೋಟೆ ತೆರೆಯುತ್ತಾರೆ.

ರಾಜ್ಯ ಮಾನವ ಹಕ್ಕುಗಳ ಆಯೋಗ. ಬೆಂಗಳೂರಿನಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಕನ್ನಡದಲ್ಲೇ ಬರೆಯಬಹುದು. ಘಟನೆಯಾಗಿ ಒಂದು ವರ್ಷದೊಳಗೆ ಕೊಡಬೇಕು. ಕಸ್ಟಡಿಯಲ್ಲಿ ಬಲಪ್ರಯೋಗವಾಗಿ ಗಾಯ ಅಥವಾ ಸಾವು ಆಗಿದ್ದರೆ ಆಯೋಗಕ್ಕೆ ದೂರು ಕೊಡುವ ಹಕ್ಕಿದೆ, ಆಯೋಗ ಸಿಸಿಟಿವಿ ದೃಶ್ಯ ತರಿಸಬಹುದು ಎಂದು 2020ರ ಆದೇಶವೇ ಹೇಳಿದೆ. ದೂರಿನಲ್ಲಿ ಅದನ್ನು ಕೋರಿ. ಒಂದೇ ವಿಷಯವನ್ನು ದೆಹಲಿಯ ರಾಷ್ಟ್ರೀಯ ಆಯೋಗಕ್ಕೂ ಹಾಕಬೇಡಿ, ರಾಜ್ಯದಲ್ಲಿ ಬಾಕಿ ಇದ್ದರೆ ಅವರು ತೆಗೆದುಕೊಳ್ಳುವುದಿಲ್ಲ.

ಇಲ್ಲಿ ಜನ ಸೋಲುವುದು ನಡುವಿನಲ್ಲಿ. ಆಯೋಗ ಪೊಲೀಸರಿಂದ ವರದಿ ತರಿಸಿ, ಅದರ ಪ್ರತಿಯನ್ನು ನಿಮಗೆ ಕಳಿಸಿ ಪ್ರತಿಕ್ರಿಯೆ ಕೇಳುತ್ತದೆ. ಅಂಚೆಯಣ್ಣ ತಂದುಕೊಟ್ಟ ಆ ದಪ್ಪ ಲಕೋಟೆ ನೋಡಿ 'ಓ, ಆರ್ಡರ್ ಬಂತು, ನಾವು ಸೋತೆವು' ಎಂದು ಮೂಲೆಗಿಡುತ್ತಾರೆ. ಅದು ಆರ್ಡರ್ ಅಲ್ಲ, ಎದುರಿನವರ ಉತ್ತರ ಅಷ್ಟೆ. ಅದರ ಪ್ರತಿ ಪ್ಯಾರಾಕ್ಕೂ ನಿಮ್ಮ ಮಾತು ಬರೆದು ಕೊಟ್ಟ ಗಡುವಿನೊಳಗೆ ಕಳಿಸಿ. ಆಯೋಗ ಕೊಡುವುದು ಶಿಫಾರಸು, ಅದು ನಿಜ. ಆದರೆ ಪರಿಹಾರದ ಶಿಫಾರಸು ಮುಂದೆ ಹೈಕೋರ್ಟಿನಲ್ಲಿ ನಿಮ್ಮ ಕೈಯಲ್ಲಿರುವ ಗಟ್ಟಿ ಕಾಗದ.

ಲೋಕಾಯುಕ್ತ. ಲಂಚದ ವಿಷಯವಾದರೆ ಇಲ್ಲಿಗೆ. ಕೇಳಿದ್ದಾರೆ, ಇನ್ನೂ ಕೊಟ್ಟಿಲ್ಲ ಅಂದರೆ ಕೊಡುವ ಮೊದಲೇ ಹೋಗಿ. ಒತ್ತಾಯಕ್ಕೆ ಕೊಟ್ಟುಬಿಟ್ಟಿದ್ದರೆ ಏಳು ದಿನದೊಳಗೆ ತಿಳಿಸಬೇಕು. ತಡವಾದರೆ 2018ರ ತಿದ್ದುಪಡಿಯಂತೆ ಕೊಟ್ಟವರೂ ಆರೋಪಿಯಾಗಬಹುದು. ಗೂಗಲ್ ಪೇ, ಫೋನ್ ಪೇಯಲ್ಲಿ ಯಾರದೋ ನಂಬರಿಗೆ ಹಾಕಿಸಿಕೊಂಡಿದ್ದರೆ ಆ ವಹಿವಾಟಿನ ಸ್ಕ್ರೀನ್‌ಶಾಟ್ ಜೊತೆಗಿರಲಿ.

ಮ್ಯಾಜಿಸ್ಟ್ರೇಟ್ ಕೋರ್ಟ್. ಎಫ್‌ಐಆರ್ ಆಗಲೇಬೇಕು ಎಂದಿದ್ದರೆ ಕೊನೆಗೆ ಬರಬೇಕಾದದ್ದು ಇಲ್ಲಿಗೇ. ಕಲಂ 175(3)ರ ಅರ್ಜಿಗೆ ಅಫಿಡವಿಟ್ ಬೇಕು, ಎಸ್‌ಪಿಗೆ ಕಳಿಸಿದ್ದಕ್ಕೆ ದಾಖಲೆ ಬೇಕು. ಆರನೇ ಹಂತ ಬಿಟ್ಟವರ ಅರ್ಜಿ ಇಲ್ಲೇ ನಿಲ್ಲುತ್ತದೆ. ಅಧಿಕಾರಿ ಕರ್ತವ್ಯದ ನಡುವೆ ಮಾಡಿದ ಕೃತ್ಯವಾದರೆ 175(4)ರಂತೆ ಅವರ ಮೇಲಧಿಕಾರಿಯ ವರದಿ ತರಿಸಿ, ಅವರ ಮಾತನ್ನೂ ಕೇಳಿಯೇ ಮ್ಯಾಜಿಸ್ಟ್ರೇಟರು ಮುಂದುವರಿಯಬೇಕು. ಸರ್ಕಾರದ ಪೂರ್ವಾನುಮತಿಯ ಪ್ರಶ್ನೆಯೂ ಏಳುತ್ತದೆ. ಬಿಎನ್‌ಎಸ್‌ಎಸ್ ಕಲಂ 218, ಕರ್ನಾಟಕ ಪೊಲೀಸ್ ಕಾಯ್ದೆಯ ಕಲಂ 170 ಎರಡೂ ಇದರ ಬಗ್ಗೆಯೇ. ಇದನ್ನು ಸ್ವಂತವಾಗಿ ಮಾಡಲು ಹೋಗಬೇಡಿ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಕೀಲರನ್ನು ಕೇಳಿ. ಮೇಲಕ್ಕೆ ಹೋಗಬೇಕಾದರೆ ನಮ್ಮ ಜಿಲ್ಲೆಗೆ ಹೈಕೋರ್ಟಿನ ಧಾರವಾಡ ಪೀಠ.

ಪರಿಶಿಷ್ಟರ ಪ್ರಕರಣಗಳು. ದೌರ್ಜನ್ಯ ತಡೆ ಕಾಯ್ದೆಯಡಿ ಕರ್ತವ್ಯ ಮಾಡದ ಅಧಿಕಾರಿಗೇ ಕಲಂ 4ರಲ್ಲಿ ಶಿಕ್ಷೆಯಿದೆ. ಯಲ್ಲಾಪುರ, ಹಳಿಯಾಳ, ಅಂಕೋಲಾ ಕಡೆಯ ಸಿದ್ದಿ ಸಮುದಾಯ 2003ರಿಂದ ಪರಿಶಿಷ್ಟ ಪಂಗಡ. ಇದನ್ನು ದೂರಿನ ಮೊದಲ ಪ್ಯಾರಾದಲ್ಲೇ ಬರೆಯಬೇಕು, ಜಾತಿ ಪ್ರಮಾಣಪತ್ರ ಲಗತ್ತಿಸಬೇಕು. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ನಿಮ್ಮ ದೂರು ಅದರ ಮುಂದೆ ಬರಲಿ ಎಂದು ಅವರಿಗೂ ಒಂದು ಪ್ರತಿ ಕಳಿಸಿ.

## ಹಂತ 9: ವಿಚಾರಣೆಗೆ ಕರೆದ ದಿನ

ಫೋನ್ ಕರೆಗೆ ಹೋಗಬೇಡಿ. ದಿನ, ಸ್ಥಳ, ಅರ್ಜಿ ಸಂಖ್ಯೆ ಬರೆದ ನೋಟಿಸ್ ಕೇಳಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೂ ಸರಿ. ನಿಮ್ಮ ಹೇಳಿಕೆಯನ್ನು ಮನೆಯಲ್ಲೇ ಬರೆದು ಸಹಿ ಹಾಕಿ ತೆಗೆದುಕೊಂಡು ಹೋಗಿ. ಅವರು ಬರೆದುಕೊಂಡದ್ದನ್ನು ಪೂರ್ತಿ ಓದಿ. 'ದೂರನ್ನು ಮುಂದುವರಿಸಲು ಇಚ್ಛೆ ಇರುವುದಿಲ್ಲ' ಎಂಬ ಸಾಲು ಕೊನೆಯಲ್ಲಿ ಸೇರಿಕೊಂಡಿದೆಯಾ ಎಂದು ನೋಡಿ. ಇದ್ದರೆ ಸಹಿ ಬೇಡ. ಹಾಳೆಯ ಕೆಳಗೆ ಖಾಲಿ ಜಾಗ ಬಿಟ್ಟಿದ್ದರೆ ಗೆರೆ ಎಳೆದು ಅದರ ಕೆಳಗೆ ಸಹಿ ಹಾಕಿ.

ಊರಿನ ಹಿರಿಯರೊಬ್ಬರು ಮನೆಗೆ ಬಂದು 'ತಮ್ಮಾ, ನಾಳೆ ನಾವು ಅದೇ ಠಾಣೆಗೆ ಹೋಗಬೇಕಲ್ಲ, ಬಿಟ್ಟುಬಿಡು' ಎನ್ನುವುದೂ ಇದೇ ವಾರದಲ್ಲಿ. ಅವರ ಮೇಲೆ ಸಿಟ್ಟು ಮಾಡಬೇಡಿ, ಹಲವು ಸಲ ಅವರನ್ನೂ ಯಾರೋ ಕಳಿಸಿರುತ್ತಾರೆ. ಬಂದ ದಿನ, ಹೇಳಿದ ಮಾತು ನೋಟ್‌ಬುಕ್‌ಗೆ ಹೋಗಲಿ. ಬೆದರಿಕೆ ಹಾಕಿದ್ದರೆ ಅದು ಪ್ರತ್ಯೇಕ ದೂರು. ಎಫ್‌ಐಆರ್ ಆಗಿದ್ದರೆ ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ನಿಮಗೆ ತಿಳಿಸುವ ಹೊಣೆ ಪೊಲೀಸರದು. ಆ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಡಿ.

## ಹಂತ 10: ಘಟನೆ ಇಲ್ಲದಾಗಲೂ ಠಾಣೆಯ ಮೇಲೆ ಕಣ್ಣಿಡುವುದು

ಇದು ಊರಿನ ನಾಲ್ಕೈದು ಜನ ಸೇರಿ ಮಾಡಬೇಕಾದ ಕೆಲಸ. ಸಿಸಿಟಿವಿ ನೋಡಿಕೊಳ್ಳಲು ಪ್ರತಿ ಜಿಲ್ಲೆಯಲ್ಲೂ ಒಂದು ಮೇಲುಸ್ತುವಾರಿ ಸಮಿತಿ ಇರಬೇಕೆಂದು 2020ರ ಆದೇಶದಲ್ಲಿದೆ. ಪ್ರಾದೇಶಿಕ ಆಯುಕ್ತರು, ಜಿಲ್ಲಾಧಿಕಾರಿ, ಎಸ್‌ಪಿ, ಜೊತೆಗೆ ಜಿಲ್ಲೆಯ ನಗರಸಭೆಯ ಅಥವಾ ಜಿಲ್ಲಾ ಪಂಚಾಯಿತಿಯ ಮುಖ್ಯಸ್ಥರು. ಅಂದರೆ ಜನರಿಂದ ಆರಿಸಿ ಬಂದ ಒಬ್ಬರಿಗೆ ಅಲ್ಲಿ ಜಾಗವಿದೆ. ನಮ್ಮ ಜಿಲ್ಲಾ ಪಂಚಾಯಿತಿ ಸದಸ್ಯರ ಅವಧಿ 2021ರಲ್ಲೇ ಮುಗಿಯಿತು. ಹಾಗಾದರೆ ಆ ಕುರ್ಚಿಯಲ್ಲಿ ಯಾರು ಕೂರುತ್ತಾರೆ? ಕೇಳಬೇಕಾದ ಪ್ರಶ್ನೆ ಅಲ್ವಾ?

ಹೀಗೆ ಕೇಳಿ, ಒಂದೊಂದಕ್ಕೆ ಒಂದೊಂದು ಅರ್ಜಿ: ನಮ್ಮ ಠಾಣೆಯಲ್ಲಿ ಎಷ್ಟು ಕ್ಯಾಮೆರಾ, ಎಲ್ಲೆಲ್ಲಿ? ಕಳೆದ ಒಂದು ವರ್ಷದಲ್ಲಿ ಯಾವ ಯಾವ ದಿನ ಕೆಟ್ಟಿದ್ದವು? ದೃಶ್ಯ ಎಷ್ಟು ದಿನ ಉಳಿಯುತ್ತದೆ? ಜಿಲ್ಲಾ ಸಮಿತಿ ಸಭೆ ಸೇರಿದ ದಿನಾಂಕ ಮತ್ತು ನಡಾವಳಿಯ ಪ್ರತಿ. ಜಿಲ್ಲಾ ದೂರು ಪ್ರಾಧಿಕಾರಕ್ಕೆ ಬಂದ ಅರ್ಜಿ ಎಷ್ಟು, ಮುಗಿದದ್ದು ಎಷ್ಟು? 'ಯಾಕೆ' ಎಂದು ಕೇಳಬೇಡಿ. ಮಾಹಿತಿ ಹಕ್ಕಿನಲ್ಲಿ ದಾಖಲೆ ಸಿಗುತ್ತದೆ, ವಿವರಣೆ ಸಿಗುವುದಿಲ್ಲ.

ಠಾಣೆಯ ಬಾಗಿಲಲ್ಲಿ ಕ್ಯಾಮೆರಾ ಇದೆ ಎಂದು ಕನ್ನಡದಲ್ಲೂ ದೊಡ್ಡದಾಗಿ ಫಲಕ ಹಾಕಿರಬೇಕು. ಬಂಧಿತರ ಹೆಸರು, ವಿಳಾಸ, ಅಪರಾಧದ ವಿವರ ಪ್ರತಿ ಠಾಣೆಯಲ್ಲಿ ಕಾಣುವಂತೆ ಪ್ರದರ್ಶಿಸಬೇಕೆಂದು ಬಿಎನ್‌ಎಸ್‌ಎಸ್ ಕಲಂ 37 ಹೇಳುತ್ತದೆ. ಠಾಣೆಯ ಮುಂದೆ ಹೋಗುವಾಗ ಇವೆರಡು ಇವೆಯಾ ನೋಡಿ. ಇಲ್ಲದಿದ್ದರೆ ದಿನಾಂಕ ಹಾಕಿ ಎಸ್‌ಪಿಗೆ ಒಂದು ಪತ್ರ. ಬೀಟ್ ಸಭೆ, ಶಾಂತಿ ಸಭೆ, ಪರಿಶಿಷ್ಟರ ಕುಂದುಕೊರತೆ ಸಭೆಗೆ ಕರೆದಾಗ ಚಹಾ ಕುಡಿದು ಬರಬೇಡಿ. ಹಿಂದಿನ ಸಭೆಯ ನಡಾವಳಿ ಓದಿಸಿ, ನಿಮ್ಮ ಪ್ರಶ್ನೆ ಈ ಸಲದ ನಡಾವಳಿಯಲ್ಲಿ ಬರೆಯುವ ತನಕ ಕೂತಿರಿ.

ಮಾಹಿತಿ ಅರ್ಜಿಗೆ 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ, ಅಥವಾ ಬಂದದ್ದು ಅರ್ಧಂಬರ್ಧವಾಗಿದ್ದರೆ, ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ. ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯದ ವಿಷಯವಾದರೆ 48 ಗಂಟೆಯಲ್ಲಿ ಉತ್ತರ ಕೊಡಬೇಕು. ಹಾಗಿದ್ದರೆ ಅರ್ಜಿಯ ಮೊದಲ ಸಾಲಿನಲ್ಲೇ ಅದನ್ನು ಬರೆದು ಅಡಿಗೆರೆ ಎಳೆಯಿರಿ.